ಕ್ರೈಸ್ತರ ಆತ್ಮಸ್ವಾತಂತ್ರ್ಯ ಮತ್ತು ರಾಷ್ಟ್ರಸ್ವಾತಂತ್ರ್ಯ

ಸ್ವಾತಂತ್ರ್ಯವೆಂಬ ಒಂದೇ ಶಬ್ದವನ್ನು ಧರ್ಮವೂ ರಾಜಕಾರಣವೂ ಬಳಸುತ್ತವೆ. ಈ ಎರಡು ಅರ್ಥಗಳ ಸಂಬಂಧವನ್ನು ಜರ್ಮನಿಯ ಇತಿಹಾಸದ ಮೂರು ಘಟ್ಟಗಳಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

1520ರಲ್ಲಿ ಮಾರ್ಟಿನ್ ಲೂಥರನು ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದನು. ಸಂತ ಪೌಲನ ಪತ್ರಗಳನ್ನು ಆಧರಿಸಿದ ಅವನ ವಿಚಾರದಂತೆ, ಮನುಷ್ಯನನ್ನು ಬಂಧಿಸಿರುವುದು ಪಾಪ. ಬಿಡಿಸುವುದು ವಿಶ್ವಾಸವೇ ಹೊರತು ಪುಣ್ಯಕರ್ಮಗಳಲ್ಲ. ಹೀಗೆ ಬಿಡುಗಡೆ ಹೊಂದಿದವನು ಪ್ರೀತಿಯಿಂದ ತಾನಾಗಿಯೇ ನೆರೆಯವನ ಸೇವೆಗೆ ತೊಡಗುತ್ತಾನೆ. ಈ ಸ್ವಾತಂತ್ರ್ಯವು ಸೆರೆಮನೆಯಲ್ಲಿಯೂ ಕುಂದದು.

1525ರಲ್ಲಿ ಮೆಮಿಂಗೆನ್ ನಗರದಲ್ಲಿ ರೈತರ ಪರವಾಗಿ ಹನ್ನೆರಡು ಬೇಡಿಕೆಗಳು ರಚಿತವಾದವು. ಕ್ರಿಸ್ತನು ಸರ್ವರನ್ನೂ ವಿಮೋಚಿಸಿರುವುದರಿಂದ ಜೀತವು ಸಲ್ಲದೆಂದು ಮೂರನೆಯದು ಸಾರಿತು. ಆತ್ಮದ ಸ್ವಾತಂತ್ರ್ಯವನ್ನು ದೇಹಕ್ಕೆ ಅನ್ವಯಿಸಲಾಗದೆಂದು ಲೂಥರನು ಅದನ್ನು ತಳ್ಳಿಹಾಕಿದನು. ದಂಗೆಯನ್ನು ಅರಸರು ರಕ್ತಪಾತದಿಂದ ಅಡಗಿಸಿದರು, ಜೀತ ಉಳಿಯಿತು.

1817ರ ಅಕ್ಟೋಬರ್ 18ರಂದು ವಾರ್ಟ್‌ಬರ್ಗ್ ಕೋಟೆಯಲ್ಲಿ ನೆರೆದ ವಿದ್ಯಾರ್ಥಿಗಳು ಮತಸುಧಾರಣೆಯ 300ನೆಯ ವರ್ಷವನ್ನೂ, ನೆಪೋಲಿಯನ್ನನು ಸೋತ 1813ರ ಲೈಪ್‌ಜಿಗ್ ಕದನವನ್ನೂ ಒಟ್ಟಾಗಿ ಸ್ಮರಿಸಿದರು. ಲೂಥರನು ರಾಷ್ಟ್ರವೀರನಾದನು. ತಮಗೊಪ್ಪದ ಗ್ರಂಥಗಳ ಹೆಸರನ್ನು ಬರೆದ ರದ್ದಿಕಾಗದವನ್ನು ಕೆಲವರು ಸುಟ್ಟದ್ದೂ ಆ ಸಂದರ್ಭದಲ್ಲಿಯೇ.

ಆತ್ಮಸ್ವಾತಂತ್ರ್ಯವು ವ್ಯಕ್ತಿಗೆ ಸೇರಿದ್ದು, ಅದಕ್ಕೆ ಗಡಿಯಿಲ್ಲ. ರಾಷ್ಟ್ರಸ್ವಾತಂತ್ರ್ಯವು ಸಮುದಾಯಕ್ಕೆ ಸೇರಿದ್ದು, ಅದಕ್ಕೆ ಗಡಿಯೂ ಕಾನೂನೂ ಬೇಕು. ಮೊದಲನೆಯದನ್ನು ಮುಂದೊಡ್ಡಿ ಲೌಕಿಕ ನ್ಯಾಯವನ್ನು ನಿರಾಕರಿಸಿದಾಗ ದುರ್ಬಲನು ನರಳುತ್ತಾನೆ. ಅದರ ಪಾವಿತ್ರ್ಯವನ್ನು ರಾಷ್ಟ್ರಕ್ಕೆ ಆರೋಪಿಸಿದಾಗ ಭಿನ್ನಮತಕ್ಕೆ ಎಡೆ ತಪ್ಪುತ್ತದೆ. ಆದುದರಿಂದ ಇವೆರಡರ ಭೇದವನ್ನು ಅರಿಯುವುದು ಎರಡರ ರಕ್ಷಣೆಗೂ ಅವಶ್ಯವೆಂದು ನಾವು ಭಾವಿಸುತ್ತೇವೆ.