ಜೋಡಿ ಗಾಲಿಗೆ ಒಂದೇ ಅಚ್ಚು

1985ರ ತನಕ ಟೊಯೋಟಾ ಕಂಪನಿ ಅಮೆರಿಕದಲ್ಲಿ ಮಾರುತ್ತಿದ್ದ ಫೋರ್ ವೀಲ್ ಡ್ರೈವ್ ಪಿಕಪ್‌ನ ಮುಂದಿನ ಎರಡು ಗಾಲಿಗಳ ನಡುವೆ ಒಂದು ದಪ್ಪ ಉಕ್ಕಿನ ಅಚ್ಚು ಅಡ್ಡಲಾಗಿ ಕೂತಿರುತ್ತಿತ್ತು. ನಮ್ಮ ಹಳೆಯ ಜೀಪುಗಳಲ್ಲಿ ಇದ್ದಂಥದ್ದೇ. 1986ರ ಮಾದರಿಯಲ್ಲಿ ಆ ಅಚ್ಚು ಹೋಯಿತು. ಎಡಗಾಲಿಗೆ ಬೇರೆ ತೋಳು, ಬಲಗಾಲಿಗೆ ಬೇರೆ ತೋಳು, ಪ್ರತಿಯೊಂದಕ್ಕೂ ಭಾರ ಬಿದ್ದಾಗ ತಿರುಚಿಕೊಳ್ಳುವ ಒಂದೊಂದು ಉಕ್ಕಿನ ಸರಳು. ಒಂದು ಗಾಲಿ ಗುಂಡಿಗೆ ಇಳಿದರೆ ಇನ್ನೊಂದಕ್ಕೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಹೆದ್ದಾರಿಯಲ್ಲಿ ಗಾಡಿ ಕಾರಿನ ಹಾಗೆ ಓಡತೊಡಗಿತು. ಆದರೆ ಬಂಡೆ ಹತ್ತುವ ಹುಚ್ಚಿದ್ದ ಕೆಲವರು ಈ ಹೊಸ ವ್ಯವಸ್ಥೆಯನ್ನು ಗ್ಯಾಸ್ ಕಟರಿನಿಂದ ಕೊಯ್ದು ಹಾಕಿ, ಗುಜರಿಯಿಂದ ಹಳೆಯ ಅಚ್ಚು ತಂದು ಅದೇ ಜಾಗಕ್ಕೆ ಬೆಸುಗೆ ಹಾಕಲು ಶುರುಮಾಡಿದರು. ಇಂದಿಗೂ ಮಾಡುತ್ತಿದ್ದಾರೆ. ಈ ಕೆಲಸಕ್ಕೆ ಸಾಲಿಡ್ ಆಕ್ಸಲ್ ಸ್ವಾಪ್ ಎಂದು ಹೆಸರು.

ಮೇಲುನೋಟಕ್ಕೆ ಇದು ಹಿಂದಕ್ಕೆ ಹೋದಂತೆ ಕಾಣುತ್ತದೆ. ಹಾಗಲ್ಲ. ಅಚ್ಚನ್ನು ತೆಗೆದ ಎಂಜಿನಿಯರ್‌ಗಳ ಲೆಕ್ಕವೂ ಸರಿ, ಮತ್ತೆ ಹಾಕಿಸಿದವರ ಲೆಕ್ಕವೂ ಸರಿ. ಎರಡು ಲೆಕ್ಕಗಳ ನಡುವೆ ಇರುವುದು ಒಂದೇ ವ್ಯತ್ಯಾಸ: ವೇಗ.

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ ರೂಬಿಕಾನ್ ಎಂಬ ಜಾಡಿದೆ. ಟಾಹೋ ಸರೋವರದ ಕಡೆಗೆ ಹೋಗುವ ಈ ದಾರಿಯ ಉದ್ದ ಸುಮಾರು 35 ಕಿಲೋಮೀಟರ್. ಅದರ ಬಹುಪಾಲು ಗ್ರಾನೈಟ್ ಹಾಸು, ಮೇಜಿನಷ್ಟು ದೊಡ್ಡ ಬಂಡೆಗಳು, ಅವುಗಳ ಸಂದು. 1953ರಿಂದ ಜೀಪುಗಳ ಯಾತ್ರೆಯೇ ಅಲ್ಲಿ ನಡೆಯುತ್ತಿದೆ. ಇಂಥ ಕಡೆ ಎಂಜಿನ್ನಿನ ಶಕ್ತಿಗಿಂತ ನಿಧಾನವೇ ಮುಖ್ಯ. ಹಳೆಯ ಟೊಯೋಟಾದ ಮೊದಲ ಗೇರು ಸುಮಾರು 4 ಪಟ್ಟು, ಮುಂದಿನ ಹಿಂದಿನ ಅಚ್ಚುಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ ಗೇರು 2.28 ಪಟ್ಟು, ಅಲ್ಲಿಂದ ಎಡಬಲ ಗಾಲಿಗಳಿಗೆ ಹಂಚುವ ಡಿಫರೆನ್ಷಿಯಲ್ 4.10 ಪಟ್ಟು. ಮೂರನ್ನೂ ಗುಣಿಸಿದರೆ 37ರ ಆಸುಪಾಸು. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಗಾಲಿ ತಿರುಗುವುದು ಸುಮಾರು 22 ಸುತ್ತು ಮಾತ್ರ. 31 ಅಂಗುಲದ ಟೈರು ಹಾಕಿದ್ದರೆ ವೇಗ ಗಂಟೆಗೆ 3 ಕಿಲೋಮೀಟರ್ ಚಿಲ್ಲರೆ. ಅದೂ ಜಾಸ್ತಿಯಾಯಿತು ಎನ್ನುವವರು ಟ್ರಾನ್ಸ್‌ಫರ್ ಕೇಸಿನ ಹಿಂದೆ ಇನ್ನೊಂದು ಟ್ರಾನ್ಸ್‌ಫರ್ ಕೇಸ್ ಜೋಡಿಸಿ ವೇಗವನ್ನು ಗಂಟೆಗೆ ಒಂದೂವರೆ ಕಿಲೋಮೀಟರಿಗಿಂತ ಕೆಳಗೆ ಇಳಿಸುತ್ತಾರೆ.

ಈ ವೇಗದಲ್ಲಿ ಬಂಡೆಯ ಮೇಲೆ ಏನಾಗುತ್ತದೆ ನೋಡೋಣ. ಎಡಗಾಲಿ ಬಂಡೆ ಹತ್ತುತ್ತದೆ, ಬಲಗಾಲಿ ಕುಳಿಯಲ್ಲಿದೆ. ಸಾಮಾನ್ಯ ಡಿಫರೆನ್ಷಿಯಲ್‌ನ ಸ್ವಭಾವವೆಂದರೆ ಎರಡು ಗಾಲಿಗಳಿಗೂ ಅದು ಸಮನಾದ ತಿರುಚುಬಲವನ್ನೇ ಕೊಡುತ್ತದೆ. ನೆಲದಲ್ಲಿ ಕಡಿಮೆ ಹಿಡಿತವಿರುವ ಗಾಲಿ ಎಷ್ಟು ಬಲ ತಡೆದುಕೊಳ್ಳುತ್ತದೋ ಇನ್ನೊಂದಕ್ಕೂ ಅಷ್ಟೇ ಸಿಗುವುದು. ಬಲಗಾಲಿ ಗಾಳಿಯಲ್ಲಿ ತೇಲಿದರೆ ಎಡಗಾಲಿಯ ಮೇಲೆ ಎಷ್ಟೇ ಭಾರವಿರಲಿ, ಅದು ಕೆಲಸಕ್ಕೆ ಬಾರದು. ಹಾಗಾಗಿ ಬಂಡೆ ಹತ್ತುವವನಿಗೆ ಬೇಕಾದದ್ದು ಎರಡು ಗಾಲಿಗಳ ಮೇಲೂ ಭಾರ ಆದಷ್ಟು ಸಮನಾಗಿ ಬೀಳುವುದು.

ಬಿಡಿ ತೋಳುಗಳ ವ್ಯವಸ್ಥೆಯಲ್ಲಿ ಮೇಲೇರಿದ ಗಾಲಿ ತನ್ನ ಸರಳನ್ನು ತಿರುಚಿ ಹೆಚ್ಚು ಭಾರ ಹೊರುತ್ತದೆ, ಕೆಳಗಿಳಿದ ಗಾಲಿಯ ಸರಳು ಸಡಿಲವಾಗಿ ಅದರ ಭಾರ ಕರಗುತ್ತದೆ. ಒಂದೇ ಅಚ್ಚಿನ ವ್ಯವಸ್ಥೆಯಲ್ಲಿ ಹಾಗಲ್ಲ. ನೊಗ ಹೊತ್ತ ಜೋಡೆತ್ತುಗಳಲ್ಲಿ ಒಂದು ದಿಬ್ಬ ಹತ್ತಿದರೆ ನೊಗ ಓರೆಯಾಗಿ ಇನ್ನೊಂದರ ಹೆಗಲನ್ನು ಒತ್ತುವಂತೆ, ಏರಿದ ಗಾಲಿಯೇ ಇಳಿದ ಗಾಲಿಯನ್ನು ನೆಲಕ್ಕೆ ಒತ್ತುತ್ತದೆ. ಇದಕ್ಕೆ ಸ್ಪ್ರಿಂಗುಗಳು ಕೂತಿರುವ ಜಾಗವೂ ಸಹಾಯಕ. ಅವು ಗಾಲಿಗಳ ಹತ್ತಿರ ಇರದೆ ಒಳಗೆ, ಚಾಸಿಯ ಅಡಿಯಲ್ಲಿರುತ್ತವೆ. ಸ್ಪ್ರಿಂಗುಗಳ ನಡುವಿನ ದೂರ ಗಾಲಿಗಳ ನಡುವಿನ ದೂರದ ಅರ್ಧದಷ್ಟಿದ್ದರೆ, ಅಚ್ಚು ಓರೆಯಾಗುವುದಕ್ಕೆ ಅವು ಒಡ್ಡುವ ವಿರೋಧ ಕಾಲು ಭಾಗಕ್ಕೆ ಇಳಿಯುತ್ತದೆ. ದೂರದ ವರ್ಗದ ಲೆಕ್ಕ ಅದು. ನೇರವಾಗಿ ಮೇಲೆ ಕೆಳಗೆ ಆಡುವಾಗ ಬಿರುಸಾಗಿರುವ ಅದೇ ಸ್ಪ್ರಿಂಗು ಓರೆಯಾಗುವಾಗ ಮೆತ್ತಗಾಗುತ್ತದೆ. ಬಂಡೆಗೆ ಬೇಕಾದದ್ದು ಸರಿಯಾಗಿ ಇದೇ.

ಎರಡನೆಯ ಲಾಭ ಕೀಲಿನದು. ಬಿಡಿ ತೋಳುಗಳ ಗಾಡಿಯಲ್ಲಿ ಡಿಫರೆನ್ಷಿಯಲ್ ಚಾಸಿಗೆ ಕಚ್ಚಿಕೊಂಡಿರುತ್ತದೆ. ಗಾಲಿ ಮೇಲೆ ಕೆಳಗೆ ಹೋದ ಹಾಗೆಲ್ಲ ಶಾಫ್ಟಿನ ಕೀಲು ಬಾಗಬೇಕು, ಸ್ಟಿಯರಿಂಗ್ ತಿರುಗಿದಾಗ ಇನ್ನಷ್ಟು ಬಾಗಬೇಕು. ಗಾಲಿ ಎಷ್ಟು ಇಳಿಯಬಹುದು ಎಂಬುದನ್ನು ಕೊನೆಗೆ ಆ ಕೀಲಿನ ಕೋನವೇ ನಿರ್ಧರಿಸುತ್ತದೆ. ಇಡೀ ಅಚ್ಚಿನಲ್ಲಿ ಶಾಫ್ಟು ಉಕ್ಕಿನ ಕೊಳವೆಯೊಳಗೆ ನೆಟ್ಟಗೆ ಇರುತ್ತದೆ. ಕೀಲು ಬಾಗುವುದು ಸ್ಟಿಯರಿಂಗ್ ತಿರುಗಿಸಿದಾಗ ಮಾತ್ರ. ಇನ್ನು ಅಡಿಯ ಅಂತರದ ಮಾತು. ಬಿಡಿ ತೋಳಿನ ಗಾಡಿಯ ಮೂತಿ ತಗ್ಗಿದರೆ ಡಿಫರೆನ್ಷಿಯಲ್ಲೂ ಅದರ ಜೊತೆ ಬಂಡೆಯತ್ತ ಇಳಿಯುತ್ತದೆ. ಅಚ್ಚಿನ ಗಾಡಿಯಲ್ಲಿ ಡಿಫರೆನ್ಷಿಯಲ್‌ನ ಬುರುಡೆ ಕೆಳಗೆ ತೂಗುತ್ತದೆ ನಿಜ, ಆದರೆ ಅದರ ಎತ್ತರ ಟೈರಿನ ಎತ್ತರಕ್ಕೆ ಕಟ್ಟುಬಿದ್ದದ್ದು. ಚಾಲಕ ಅದನ್ನು ನಂಬಿಕೊಂಡು ಗಾಲಿ ಇಡುವ ಜಾಗ ಆರಿಸಬಹುದು.

ಇಷ್ಟೆಲ್ಲ ಒಳ್ಳೆಯದಿದ್ದರೆ ಅಚ್ಚನ್ನು ತೆಗೆದದ್ದು ಏಕೆ? ಉತ್ತರಕ್ಕೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು. 1920ರ ದಶಕದಲ್ಲಿ ಕಾರುಗಳಿಗೆ ಮೆತ್ತನೆಯ ಬಲೂನ್ ಟೈರುಗಳು ಬಂದವು, ಮುಂದಿನ ಗಾಲಿಗಳಿಗೂ ಬ್ರೇಕು ಬಂತು. ಜೊತೆಗೇ ಒಂದು ರೋಗವೂ ಬಂತು. ಒಂದು ವೇಗ ದಾಟಿದ ಮೇಲೆ ಮುಂದಿನ ಗಾಲಿಗಳು ಎಡಬಲಕ್ಕೆ ಪಟಪಟನೆ ಹೊಡೆದುಕೊಳ್ಳುತ್ತಿದ್ದವು, ಸ್ಟಿಯರಿಂಗ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ರೋಲ್ಸ್ ರಾಯ್ಸ್‌ನಿಂದ ಜನರಲ್ ಮೋಟರ್ಸ್‌ಗೆ ಬಂದ ಮಾರಿಸ್ ಆಲಿ ಎಂಬ ಎಂಜಿನಿಯರ್ ಇದರ ಬೆನ್ನು ಬಿದ್ದವರಲ್ಲಿ ಮುಖ್ಯರು. 1934ರ ಮಾದರಿಗಳಲ್ಲಿ ಆ ಕಂಪನಿಯ ಕಾರುಗಳಿಗೆ ಬಿಡಿ ತೋಳುಗಳ ಮುಂಭಾಗ ಬಂತು.

ರೋಗದ ಮೂಲ ಗೈರೊಸ್ಕೋಪಿನ ಗುಣ. ಸೈಕಲ್ ಗಾಲಿಯೊಂದನ್ನು ಅಚ್ಚಿನ ಎರಡು ತುದಿಗಳಲ್ಲಿ ಹಿಡಿದು, ಜೋರಾಗಿ ತಿರುಗುತ್ತಿರುವಾಗ ಓರೆ ಮಾಡಿ ನೋಡಿ. ಅದು ನಾವು ಹೇಳಿದ ದಿಕ್ಕಿಗೆ ಬಾಗದೆ ಪಕ್ಕಕ್ಕೆ ಹೊರಳಲು ನೋಡುತ್ತದೆ, ಮಣಿಕಟ್ಟಿಗೆ ಅದರ ಬಲ ತಿಳಿಯುತ್ತದೆ. ಅಚ್ಚಿನ ಗಾಡಿಯ ಒಂದು ಗಾಲಿ ಉಬ್ಬು ಹತ್ತಿದಾಗ ಅಚ್ಚು ಓರೆಯಾಗುತ್ತದೆ, ಎರಡೂ ಗಾಲಿಗಳು ಓರೆಯಾಗುತ್ತವೆ, ಎರಡೂ ಒಟ್ಟಿಗೆ ಪಕ್ಕಕ್ಕೆ ಹೊರಳುತ್ತವೆ. ಹೊರಳಿದ ಗಾಲಿ ಮತ್ತೆ ಅಚ್ಚನ್ನು ಓರೆ ಮಾಡುತ್ತದೆ. ಒಂದನ್ನೊಂದು ಕೆಣಕುತ್ತ ಈ ಕುಣಿತ ಬೆಳೆಯುತ್ತದೆ. ಬಿಡಿ ತೋಳುಗಳಿದ್ದರೆ ಗಾಲಿ ಹೆಚ್ಚು ಓರೆಯಾಗದೆ ನೆಟ್ಟಗೆ ಮೇಲೇರುತ್ತದೆ, ಆಗ ಸರಪಳಿಯ ಮೊದಲ ಕೊಂಡಿಯೇ ಕಳಚಿಬಿಡುತ್ತದೆ.

ಈ ಹೊರಳುಬಲ ಎರಡು ಸಂಗತಿಗಳ ಗುಣಲಬ್ಧ: ಗಾಲಿ ಎಷ್ಟು ವೇಗವಾಗಿ ತಿರುಗುತ್ತಿದೆ, ಅಚ್ಚು ಎಷ್ಟು ವೇಗವಾಗಿ ಓರೆಯಾಗುತ್ತಿದೆ. ಒಂದೇ ಉಬ್ಬಿನ ಮೇಲೆ ಗಂಟೆಗೆ 80 ಕಿಲೋಮೀಟರಿನಲ್ಲಿ ಹೋಗುವುದನ್ನೂ 4 ಕಿಲೋಮೀಟರಿನಲ್ಲಿ ಹೋಗುವುದನ್ನೂ ಹೋಲಿಸಿದರೆ ಎರಡೂ ಇಪ್ಪತ್ತಿಪ್ಪತ್ತು ಪಟ್ಟು ಇಳಿಯುತ್ತವೆ. ಬಲ ಇಳಿಯುವುದು ಸುಮಾರು 400 ಪಟ್ಟು. ಹೆದ್ದಾರಿಯಲ್ಲಿ ಕೈಯಿಂದ ಸ್ಟಿಯರಿಂಗ್ ಕಿತ್ತುಕೊಳ್ಳುವ ಬಲ ಬಂಡೆಯ ಮೇಲೆ ಇದ್ದೂ ಇಲ್ಲದಂತೆ. ಎರಡು ಗಾಲಿಗಳು ಒಂದಕ್ಕೊಂದು ಕಟ್ಟುಬಿದ್ದಿರುವ ಒಂದೇ ಗುಣ ಅಲ್ಲಿ ಅಪಾಯ, ಇಲ್ಲಿ ವರ.

ಬದಲಾವಣೆಯ ಕೆಲಸ ಬೋಲ್ಟು ಬಿಚ್ಚಿ ಬೋಲ್ಟು ಹಾಕುವಂಥದ್ದಲ್ಲ. ಮೊದಲು ಹಳೆಯ ತೋಳುಗಳ ಹಿಡಿಕೆಗಳನ್ನೆಲ್ಲ ಚಾಸಿಯಿಂದ ಕೊಯ್ದು, ಗ್ರೈಂಡರಿನಿಂದ ಬೆಳ್ಳಿಯಂತೆ ಹೊಳೆಯುವ ತನಕ ಉಜ್ಜಬೇಕು. ಅಚ್ಚಿನ ಜಾಗ ಗುರುತಿಸಲು ಚಾಸಿಯಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟು ಕಾಂಕ್ರೀಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚುಕ್ಕೆ ಹಾಕುತ್ತಾರೆ. ಹಿಂದಿನ ಅಚ್ಚಿನ ಎಡತುದಿಯಿಂದ ಮುಂದಿನ ಬಲತುದಿಗೆ ಟೇಪು ಹಿಡಿಯುತ್ತಾರೆ, ಆಮೇಲೆ ಬಲದಿಂದ ಎಡಕ್ಕೆ. ಎರಡು ಕರ್ಣಗಳೂ ಸಮ ಬಂದ ಮೇಲೆ ಮೊದಲು ನಾಲ್ಕಾರು ಚುಕ್ಕೆ ಬೆಸುಗೆ, ಗಾಡಿಯನ್ನು ಸ್ವಂತ ಭಾರದ ಮೇಲೆ ಕೂರಿಸಿ ಮತ್ತೊಮ್ಮೆ ಅಳತೆ, ಆಮೇಲಷ್ಟೇ ಪೂರ್ತಿ ಬೆಸುಗೆ.

ಅತಿ ನಾಜೂಕಿನ ವಿಷಯ ಕ್ಯಾಸ್ಟರ್ ಕೋನ. ಗಾಲಿ ಯಾವ ಕಂಬದ ಸುತ್ತ ತಿರುಗುತ್ತದೋ ಆ ಕಂಬದ ತಲೆ ಕೆಲವು ಡಿಗ್ರಿ ಹಿಂದಕ್ಕೆ ವಾಲಿರಬೇಕು. ಹಾಗಿದ್ದರೆ ಸ್ಟಿಯರಿಂಗ್ ಬಿಟ್ಟಾಗ ಗಾಲಿ ತಾನಾಗಿ ನೇರಕ್ಕೆ ಬರುತ್ತದೆ. ವಾಲು ಕಡಿಮೆಯಾದರೆ ಗಾಡಿ ರಸ್ತೆಯಲ್ಲಿ ಅಲೆಯುತ್ತದೆ. ಅಚ್ಚನ್ನೇ ಹಿಂದಕ್ಕೆ ಹೊರಳಿಸಿ ಕ್ಯಾಸ್ಟರ್ ಹೆಚ್ಚಿಸೋಣ ಎಂದರೆ ಅದಕ್ಕೆ ಅಂಟಿಕೊಂಡ ಡಿಫರೆನ್ಷಿಯಲ್‌ನ ಮೂಗು ನೆಲದ ಕಡೆ ತಗ್ಗಿ, ಟ್ರಾನ್ಸ್‌ಫರ್ ಕೇಸಿನಿಂದ ಅದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಗಾಡಿ ಎತ್ತರವಾದಷ್ಟೂ ಈ ಜಗಳ ಜೋರು. ಬಲ್ಲವರು ಅಚ್ಚಿನ ಎರಡು ತುದಿಗಳಲ್ಲಿರುವ ಬೆಸುಗೆ ಕೊಯ್ದು, ತುದಿಗಳನ್ನು ಮಾತ್ರ ಬೇಕಾದಷ್ಟು ತಿರುಗಿಸಿ ಮತ್ತೆ ಬೆಸೆಯುತ್ತಾರೆ. ನನಗೆ ಈ ಇಡೀ ಕೆಲಸದಲ್ಲಿ ತುಂಬ ಮೆಚ್ಚುಗೆಯಾಗುವ ಹಂತ ಇದು, ಇಲ್ಲಿ ಕೈಚಳಕವೂ ಜ್ಯಾಮಿತಿಯೂ ಒಂದಾಗುತ್ತವೆ.

ಸ್ಟಿಯರಿಂಗ್‌ನದು ಇನ್ನೊಂದು ಕಥೆ. 1985ರ ತನಕದ ಟೊಯೋಟಾದಲ್ಲಿ ಸ್ಟಿಯರಿಂಗ್ ಬಾಕ್ಸಿನ ತೋಳು ಹಿಂದುಮುಂದಕ್ಕೆ ಆಡುತ್ತಿತ್ತು. ಸ್ಪ್ರಿಂಗು ಕುಗ್ಗಿ ಅಚ್ಚು ಹಿಂದೆ ಮುಂದೆ ಸರಿದಾಗ ಡ್ರೈವರು ಕೇಳದಿದ್ದರೂ ಗಾಲಿ ಸ್ವಲ್ಪ ತಿರುಗುತ್ತಿತ್ತು. 1986ರ ನಂತರದ ಬಾಕ್ಸಿನ ತೋಳು ಅಡ್ಡಕ್ಕೆ ಆಡುತ್ತದೆ. ಅದರಿಂದ ಎದುರು ಬದಿಯ ಗಾಲಿಗೆ ಉದ್ದನೆಯ ಸರಳು ಕೊಟ್ಟರೆ ಆ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ. ಅಂದರೆ ಹಳೆಯ ಅಚ್ಚು ತನ್ನ ಕಾಲದಲ್ಲಿ ಇದ್ದುದಕ್ಕಿಂತ ಹೊಸ ಗಾಡಿಯ ಬಾಕ್ಸಿನೊಂದಿಗೇ ಚೆನ್ನಾಗಿ ನಡೆಯುತ್ತದೆ.

ದೊಡ್ಡ ಟೈರು, ಭಾರೀ ಗೇರು ಬಂದ ಮೇಲೆ ಮೊದಲು ಸೋಲುವುದು ಗಾಲಿಯ ಹತ್ತಿರದ ಬರ್ಫೀಲ್ಡ್ ಕೀಲು. ಆಲ್‌ಫ್ರೆಡ್ ಝೆಪಾ 1920ರ ದಶಕದಲ್ಲಿ ರೂಪಿಸಿದ ಆರು ಗುಂಡುಗಳ ಕೀಲಿನ ವಂಶ ಅದು. ನೇರವಾಗಿದ್ದಾಗ ಆರೂ ಗುಂಡುಗಳು ಭಾರ ಹಂಚಿಕೊಳ್ಳುತ್ತವೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಭಾರವೆಲ್ಲ ಕೆಲವೇ ಗುಂಡುಗಳ ಮೇಲೆ ಬಿದ್ದು ಹೊರಗಿನ ಬಟ್ಟಲು ಸೀಳುತ್ತದೆ. ಕ್ರೋಮಿಯಂ ಮಾಲಿಬ್ಡಿನಮ್ ಉಕ್ಕಿನ ಕೀಲು ಹಾಕಿದರೆ ತಾಳಿಕೆ ಹೆಚ್ಚು. ಆದರೂ ಬಂಡೆಯಲ್ಲಿ ಸಿಕ್ಕಿಕೊಂಡಾಗ ಸ್ಟಿಯರಿಂಗನ್ನು ಸ್ವಲ್ಪ ನೇರ ಮಾಡಿಕೊಂಡು ಗಾಡಿ ಎಳೆಸುವುದೇ ಜಾಣತನ.

ನಮ್ಮ ಕೊಡಚಾದ್ರಿ, ಮಾಂದಲಪಟ್ಟಿಗಳಿಗೆ ಜನರನ್ನು ಹೊತ್ತೊಯ್ದ ಹಳೆಯ ಮಹೀಂದ್ರಾ ಜೀಪುಗಳಿಗೆ ಈ ಶಸ್ತ್ರಚಿಕಿತ್ಸೆ ಬೇಕಿಲ್ಲ. ಅಚ್ಚು, ಲೀಫ್ ಸ್ಪ್ರಿಂಗು ಕಾರ್ಖಾನೆಯಿಂದಲೇ ಬಂದದ್ದು. ಮಾರುತಿಯ ಜಿಪ್ಸಿಯೂ ಹಾಗೇ. ಇಂದಿನ ಜಿಮ್ನಿಯಲ್ಲೂ ಮುಂದೆ ಇಡೀ ಅಚ್ಚೇ ಇದೆ, ಲೀಫ್ ಬದಲು ಸುರುಳಿ ಸ್ಪ್ರಿಂಗು. ಫೋರ್ಸ್ ಗೂರ್ಖಾ 2021ರಲ್ಲಿ ಬಿಡಿ ತೋಳಿಗೆ ಹೋಯಿತು, 2020ರ ಥಾರ್‌ನಲ್ಲೂ ಬಿಡಿ ತೋಳೇ. ಅಂಥ ಗಾಡಿಗೆ ಅಚ್ಚು ಹಾಕಿಸುವ ಆಸೆ ಇರುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಓದಿಕೊಳ್ಳಬೇಕು. ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾದ ಬದಲಾವಣೆಗೆ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅಮೆರಿಕದಲ್ಲಾದರೆ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಬೆಸುಗೆ ಮುಗಿದು ಗಾಡಿ ಹೊರಬಂದ ದಿನವೇ ಬೆಟ್ಟಕ್ಕೆ ಹೊರಡುವುದು ಬೇಡ. ಅಚ್ಚನ್ನು ಸ್ಪ್ರಿಂಗಿಗೆ ಬಿಗಿದಿರುವ ಯು-ಬೋಲ್ಟುಗಳು, ಲೀಫ್ ಸ್ಪ್ರಿಂಗಿನ ಹೊಸ ಪಟ್ಟಿಗಳು ಒಂದಕ್ಕೊಂದು ಕೂರುತ್ತಿದ್ದಂತೆ, ಸಡಿಲಗೊಳ್ಳುತ್ತವೆ. ಊರೊಳಗೆ ನಿಧಾನವಾಗಿ ಓಡಿಸಿ, ಮನೆಗೆ ಬಂದು, ಟಾರ್ಕ್ ರೆಂಚ್ ಹಿಡಿದು ಅವುಗಳನ್ನೂ ಸ್ಟಿಯರಿಂಗ್ ತೋಳಿನ ನಟ್ಟುಗಳನ್ನೂ ಒಂದೊಂದಾಗಿ ಮತ್ತೆ ಬಿಗಿಯಬೇಕು. ಬ್ರೇಕಿನ ಹೋಸ್ ಪೈಪುಗಳು ಅಚ್ಚು ಪೂರ್ತಿ ಇಳಿದಾಗಲೂ ಎಳೆತಕ್ಕೆ ಸಿಕ್ಕುತ್ತಿಲ್ಲ ತಾನೇ ಎಂದು ಜಾಕ್ ಕೊಟ್ಟು ನೋಡಬೇಕು.