‘ಎಸ್ಸೆಸ್ಸೆಲ್ಸಿ ಸಾಕು, 63 ಸಾವಿರ ಸಂಬಳ, ಜೀವನಪೂರ್ತಿ ಪಿಂಚಣಿ’: ಕರೆಂಟ್ ಆಫೀಸಿನ ಕೆಲಸದ ಫಾರ್ವರ್ಡ್‌ನಲ್ಲಿ ನಿಜವೆಷ್ಟು?

“ಕಡಕೊಳ ಸುತ್ತಮುತ್ತಲಿನವರಿಗೆ ಸುವರ್ಣಾವಕಾಶ! ಕೆಇಬಿಯಲ್ಲಿ ನೇರ ನೇಮಕಾತಿ. ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕು, ಪರೀಕ್ಷೆ ಇಲ್ಲ. ಸಂಬಳ 63 ಸಾವಿರ, ಜೀವನಪೂರ್ತಿ ಪಿಂಚಣಿ. ಕೂಡಲೇ ಈ ನಂಬರಿಗೆ ಕರೆ ಮಾಡಿ. ಬಡ ಮಕ್ಕಳಿಗೆ ಅನುಕೂಲವಾಗಲಿ, ಎಲ್ಲರಿಗೂ ಶೇರ್ ಮಾಡಿ.”

ಈ ಧಾಟಿಯ ಸಂದೇಶಗಳು ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೂ ಬಂದಿರಬಹುದು. ಊರಿನ ಹೆಸರು ಬದಲಾಗುತ್ತದೆ, ಫೋನ್ ನಂಬರ್ ಬದಲಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಇದನ್ನು ಪೂರ್ತಿ ಸುಳ್ಳು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ಹಾಗಿಲ್ಲ. ಇದರಲ್ಲಿ ಅರ್ಧ ನಿಜವಿದೆ, ಜನ ಮೋಸ ಹೋಗುವುದು ಆ ಅರ್ಧ ನಿಜದಿಂದಲೇ. ಆದ್ದರಿಂದ ಒಂದೊಂದೇ ಮಾತನ್ನು ಬಿಡಿಸಿ ನೋಡೋಣ.

ಮೊದಲು, ಯಾವುದು ನಿಜ?

ಜನ ಇವತ್ತಿಗೂ ಕೆಇಬಿ ಎನ್ನುತ್ತಾರೆ. ಆದರೆ ಆ ಮಂಡಳಿ 1999ರಲ್ಲೇ ಹೋಗಿ ಅದರ ಜಾಗಕ್ಕೆ ಕೆಪಿಟಿಸಿಎಲ್ ಬಂತು. ದೊಡ್ಡ ಲೈನ್‌ಗಳಲ್ಲಿ ವಿದ್ಯುತ್ ಸಾಗಿಸುವುದು ಕೆಪಿಟಿಸಿಎಲ್ ಕೆಲಸ. ಕಡಕೊಳದಲ್ಲಿರುವ 220 ಕೆವಿ ಸ್ಟೇಷನ್ ಅದರದ್ದೇ. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಜಿಲ್ಲೆಗಳ ಮನೆ, ಅಂಗಡಿ, ಪಂಪ್‌ಸೆಟ್‌ಗಳಿಗೆ ಕರೆಂಟ್ ಹಂಚುವುದು ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ಸೆಸ್ಕ್. ಎರಡೂ ರಾಜ್ಯ ಸರ್ಕಾರದ ಒಡೆತನದ ಕಂಪನಿಗಳು.

2024ರ ಅಕ್ಟೋಬರ್‌ನಲ್ಲಿ ಕೆಪಿಟಿಸಿಎಲ್ ತನಗೂ ಸೆಸ್ಕ್ ಸೇರಿದಂತೆ ಎಲ್ಲ ವಿದ್ಯುತ್ ಸರಬರಾಜು ಕಂಪನಿಗಳಿಗೂ ಸೇರಿಸಿ 2,975 ಹುದ್ದೆಗಳಿಗೆ ಅರ್ಜಿ ಕರೆದಿತ್ತು. ಅದರಲ್ಲಿ 2,542 ಕಿರಿಯ ಪವರ್‌ಮ್ಯಾನ್ ಹುದ್ದೆಗಳು, ಉಳಿದ 433 ಕಿರಿಯ ಸ್ಟೇಷನ್ ಪರಿಚಾರಕ ಹುದ್ದೆಗಳು. ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ. ಲಿಖಿತ ಪರೀಕ್ಷೆ ಇರಲಿಲ್ಲ ಎನ್ನುವುದೂ ನಿಜ.

ಆದರೆ ‘ಪರೀಕ್ಷೆ ಇಲ್ಲ’ ಎಂದರೆ ‘ಪೈಪೋಟಿ ಇಲ್ಲ’ ಎಂದಲ್ಲ. ಆಯ್ಕೆಗೆ ಆಧಾರ ಎಸ್ಸೆಸ್ಸೆಲ್ಸಿ ಅಂಕ ಮತ್ತು ಮೀಸಲಾತಿ. ಅದರ ಜೊತೆಗೆ ದೈಹಿಕ ಸಾಮರ್ಥ್ಯ ಪರೀಕ್ಷೆ: 8 ಮೀಟರ್ ವಿದ್ಯುತ್ ಕಂಬ ಹತ್ತುವುದು ಕಡ್ಡಾಯ. 100 ಮೀಟರ್ ಓಟ 14 ಸೆಕೆಂಡಿನಲ್ಲಿ, 800 ಮೀಟರ್ ಓಟ 3 ನಿಮಿಷದಲ್ಲಿ, ಸ್ಕಿಪ್ಪಿಂಗ್ ಮತ್ತು ಗುಂಡು ಎಸೆತ ಕೂಡ ಇರುತ್ತವೆ. ಮೂರು ಮಹಡಿ ಎತ್ತರದ ಹತ್ತಿರಕ್ಕೆ ಬರುವ ಕಂಬದ ಮೇಲೆ ಕೈಕಾಲು ನಡುಗದೆ ನಿಲ್ಲಬೇಕು. ಮಳೆಗಾಲದ ರಾತ್ರಿ ತಂತಿ ಕಡಿದು ಬಿದ್ದಾಗ ಹೋಗಬೇಕಾದವರು ಇವರೇ. ಫಾರ್ವರ್ಡ್ ಈ ಭಾಗವನ್ನು ಹೇಳುವುದೇ ಇಲ್ಲ.

63 ಸಾವಿರ ಎಲ್ಲಿಂದ ಬಂತು?

ಅಧಿಸೂಚನೆಯಲ್ಲಿ ವೇತನ ಶ್ರೇಣಿ 28,550–63,000 ರೂಪಾಯಿ ಎಂದಿದೆ. ಇದರಲ್ಲಿ ಮೊದಲ ಅಂಕಿ ಆರಂಭದ ಮೂಲ ವೇತನ, ಕೊನೆಯ ಅಂಕಿ ಹಲವು ವರ್ಷಗಳ ಇನ್‌ಕ್ರಿಮೆಂಟ್ ಕಳೆದ ಮೇಲೆ ಆ ಶ್ರೇಣಿ ಮುಟ್ಟಬಹುದಾದ ತುದಿ. ಸಂದೇಶ ಬರೆದವರು ಆ ತುದಿಯನ್ನು ಮಾತ್ರ ಎತ್ತಿಕೊಂಡಿದ್ದಾರೆ.

ಇನ್ನೊಂದು ವಿಷಯ ಬಹಳ ಮಂದಿಗೆ ಸೇರಿದ ಮೇಲೇ ಗೊತ್ತಾಗುತ್ತದೆ. ಮೊದಲ ಮೂರು ವರ್ಷ ತರಬೇತಿ ಅವಧಿ. ಆಗ ಶ್ರೇಣಿಯ ಸಂಬಳ ಇಲ್ಲ, ತಿಂಗಳಿಗೆ ನಿಗದಿತ ಮೊತ್ತ ಮಾತ್ರ: ಮೊದಲ ವರ್ಷ 17,000, ಎರಡನೇ ವರ್ಷ 19,000, ಮೂರನೇ ವರ್ಷ 21,000 ರೂಪಾಯಿ. ‘63 ಸಾವಿರ ಬರುತ್ತದೆ, ಎರಡು ವರ್ಷದಲ್ಲಿ ತೀರಿಸಿಬಿಡುತ್ತೇನೆ’ ಎಂದು ಸಾಲ ಮಾಡಿ ಯಾರಿಗೋ ಲಕ್ಷಗಟ್ಟಲೆ ಕೊಟ್ಟವರ ಲೆಕ್ಕ ತಪ್ಪುವುದು ಇಲ್ಲೇ. 17 ಸಾವಿರದಲ್ಲಿ ಬಡ್ಡಿ ಕಟ್ಟುವುದೋ, ಮನೆ ನಡೆಸುವುದೋ?

ಇಲಾಖೆ, ನಿಗಮ, ಗುತ್ತಿಗೆ: ಮೂರೂ ಒಂದೇ ಅಲ್ಲ

ನಮ್ಮಲ್ಲಿ ಮೂರಕ್ಕೂ ‘ಗೌರ್ಮೆಂಟ್ ಕೆಲಸ’ ಎಂಬ ಒಂದೇ ಹೆಸರು. ಸೌಲಭ್ಯದ ವಿಷಯ ಬಂದಾಗ ಮೂರೂ ಬೇರೆ ಬೇರೆ.

*ಇಲಾಖೆ ನೌಕರರು:* ಕಂದಾಯ, ಶಿಕ್ಷಣ, ಪೊಲೀಸ್‌ನಂಥ ಇಲಾಖೆಗಳಲ್ಲಿ ಇರುವವರು. ಇವರ ಸಂಬಳ ವೇತನ ಆಯೋಗದ ಶಿಫಾರಸಿನಂತೆ ಪರಿಷ್ಕರಣೆಯಾಗುತ್ತದೆ. ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಗಿ, ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ಈ ನೌಕರರಿಗೆ ಕೆಜಿಐಡಿ ಜೀವ ವಿಮೆ ಕಡ್ಡಾಯ. ಅದು 1891ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲೇ ಶುರುವಾದ ವ್ಯವಸ್ಥೆ.

*ನಿಗಮ, ಕಂಪನಿ ನೌಕರರು:* ಕೆಪಿಟಿಸಿಎಲ್, ಸೆಸ್ಕ್, ಕೆಎಸ್‌ಆರ್‌ಟಿಸಿ ಮುಂತಾದವು. ಒಡೆತನ ಸರ್ಕಾರದ್ದೇ ಆದರೂ ಸೇವಾ ನಿಯಮ, ಸಂಬಳ ಪರಿಷ್ಕರಣೆ ಅವರವರದ್ದೇ. 2023ರ ಮಾರ್ಚ್‌ನಲ್ಲಿ ಇದು ಚೆನ್ನಾಗಿ ಕಂಡಿತು. ಒಂದೇ ತಿಂಗಳಲ್ಲಿ ಇಲಾಖೆ ನೌಕರರಿಗೆ ಶೇ 17 ಮಧ್ಯಂತರ ಪರಿಹಾರ, ಕೆಪಿಟಿಸಿಎಲ್ ಮತ್ತು ವಿದ್ಯುತ್ ಕಂಪನಿಗಳ ನೌಕರರಿಗೆ ಶೇ 20 ಹೆಚ್ಚಳ, ಸಾರಿಗೆ ನೌಕರರಿಗೆ ಶೇ 15 ಹೆಚ್ಚಳ ಘೋಷಣೆಯಾಯಿತು. ‘7ನೇ ವೇತನ ಆಯೋಗ ಬಂತು, ಎಲ್ಲರ ಸಂಬಳ ಏರಿತು’ ಎಂಬ ಸಂದೇಶ ಬಂದಾಗ ಇದನ್ನು ನೆನಪಿಡಿ.

*ಗುತ್ತಿಗೆ, ಹೊರಗುತ್ತಿಗೆಯವರು:* ಕೆಲಸ ಸರ್ಕಾರಿ ಕಚೇರಿಯಲ್ಲೇ, ಆದರೆ ಸಂಬಳ ಕೊಡುವುದು ಏಜೆನ್ಸಿ. ‘ಎರಡು ವರ್ಷ ಗುತ್ತಿಗೆ ಮಾಡಿದರೆ ಕಾಯಂ ಆಗುತ್ತದೆ’ ಎಂಬ ಭರವಸೆ ಹೆಚ್ಚಾಗಿ ಕೇಳಿಬರುವುದು ಇಲ್ಲಿ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ: ಇಷ್ಟು ವರ್ಷ ದುಡಿದೆ ಎಂಬ ಒಂದೇ ಕಾರಣಕ್ಕೆ ಕಾಯಂ ಆಗುವ ಹಕ್ಕು ತಾನಾಗಿ ಹುಟ್ಟುವುದಿಲ್ಲ. ಹಾಗಂತ ಇವರಿಗೆ ಯಾವ ಹಕ್ಕೂ ಇಲ್ಲ ಎಂದಲ್ಲ. ಪಿಎಫ್ ಇವರಿಗೂ ಸಿಗಬೇಕು. ತಿಂಗಳ ವೇತನ 21,000 ರೂಪಾಯಿವರೆಗೆ ಇದ್ದರೆ ಇಎಸ್‌ಐ ಕೂಡ. ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದಾರೆ ಎಂದಾದರೆ ಅದು ನಿಜಕ್ಕೂ ಖಾತೆಗೆ ಬೀಳುತ್ತಿದೆಯೇ ಎಂದು ಉಮಂಗ್ ಆ್ಯಪ್‌ನಲ್ಲಿ ನೋಡಿಕೊಳ್ಳಬಹುದು.

ಕಡಕೊಳದವರಿಗೆ ಇನ್ನೊಂದು ಮಾತು. ಕೈಗಾರಿಕಾ ಪ್ರದೇಶದ ಜಾಗ ಅಭಿವೃದ್ಧಿ ಮಾಡಿ ಹಂಚುವುದು ಸರ್ಕಾರದ ಕೆಐಎಡಿಬಿ. ಆದರೆ ಆ ಜಾಗದಲ್ಲಿ ಎದ್ದ ಖಾಸಗಿ ಕಾರ್ಖಾನೆಯ ಕೆಲಸ ಖಾಸಗಿ ಕೆಲಸವೇ. ‘ಕೆಐಎಡಿಬಿಯಲ್ಲಿ ಕೆಲಸ’ ಎಂದು ಯಾರಾದರೂ ಹೇಳಿದರೆ, ನೇಮಕಾತಿ ಪತ್ರ ಕೊಡುವವರು ಯಾರು ಎಂದು ಕೇಳಿ.

ಜೀವನಪೂರ್ತಿ ಪಿಂಚಣಿ ಇದೆಯೇ?

ಅಪ್ಪನ ಕಾಲದ ಪಿಂಚಣಿ ಬೇರೆ, ಮಗನ ಕಾಲದ್ದು ಬೇರೆ. ಹಳೆಯ ಪದ್ಧತಿಯಲ್ಲಿ ಪೂರ್ಣ ಸೇವೆ ಮುಗಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ ಖಾತ್ರಿ ಇತ್ತು. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ರಾಜ್ಯ ಸರ್ಕಾರಿ ನೌಕರರು ಎನ್‌ಪಿಎಸ್‌ಗೆ ಬರುತ್ತಾರೆ. ವಿದ್ಯುತ್ ಕಂಪನಿಗಳಲ್ಲೂ ಅದೇ ದಿನಾಂಕ.

ಎನ್‌ಪಿಎಸ್‌ನಲ್ಲಿ ನೌಕರರ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟು ಪ್ರತಿ ತಿಂಗಳೂ ಕಡಿತವಾಗುತ್ತದೆ. ಇಲಾಖೆ ನೌಕರರಿಗೆ ಸರ್ಕಾರ ಶೇ 14 ಸೇರಿಸುತ್ತದೆ. ಈ ಹಣ ಮಾರುಕಟ್ಟೆಯಲ್ಲಿ ಹೂಡಿಕೆಯಾಗುತ್ತದೆ. ನಿವೃತ್ತಿಯ ದಿನ ಒಟ್ಟು ಮೊತ್ತದ ಶೇ 60ರವರೆಗೆ ಕೈಗೆ ಸಿಗಬಹುದು. ಉಳಿದ ಕನಿಷ್ಠ ಶೇ 40ರಲ್ಲಿ ವಿಮಾ ಕಂಪನಿಯಿಂದ ಮಾಸಿಕ ಪಿಂಚಣಿ ಕೊಳ್ಳಬೇಕು. ಆ ಪಿಂಚಣಿ ಎಷ್ಟು ಎಂಬುದನ್ನು ಸೇರುವ ದಿನ ಯಾರೂ ಹೇಳಲಾರರು.

‘ಹಳೇ ಪಿಂಚಣಿ ಮತ್ತೆ ಬಂತು’ ಎಂಬ ಫಾರ್ವರ್ಡ್‌ಗೂ ಒಂದು ನಿಜದ ಎಳೆ ಇದೆ. 2024ರ ಜನವರಿಯಲ್ಲಿ ಸರ್ಕಾರ ಸುಮಾರು 13 ಸಾವಿರ ನೌಕರರಿಗೆ ಹಳೆಯ ಪಿಂಚಣಿಯ ಆಯ್ಕೆ ಕೊಟ್ಟಿತು. ಅದು ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್‌ಗೂ ಮುಂಚೆ ಹೊರಬಿದ್ದು, ತಡವಾಗಿ ಕೆಲಸಕ್ಕೆ ಸೇರಿದವರಿಗೆ ಮಾತ್ರ. ಎಲ್ಲರಿಗೂ ಅಲ್ಲ.

‘ದುಡ್ಡು ಕೊಟ್ಟ ಪಕ್ಕದ ಮನೆಯವನಿಗೆ ಕೆಲಸ ಸಿಕ್ಕಿತಲ್ಲ?’

ಎಲ್ಲ ಹೇಳಿದ ಮೇಲೂ ಉಳಿಯುವ ಪ್ರಶ್ನೆ ಇದು. ಉತ್ತರಕ್ಕೆ ಒಂದು ಲೆಕ್ಕ ಮಾಡೋಣ. ದಲ್ಲಾಳಿಯೊಬ್ಬ ಚೆನ್ನಾಗಿ ಅಂಕ ಇರುವ ಹತ್ತು ಹುಡುಗರಿಂದ ತಲಾ 2 ಲಕ್ಷ ತೆಗೆದುಕೊಳ್ಳುತ್ತಾನೆ ಎಂದುಕೊಳ್ಳಿ. ‘ಕೆಲಸ ಆಗದಿದ್ದರೆ ದುಡ್ಡು ವಾಪಸ್’ ಎಂದು ಮಾತು ಕೊಡುತ್ತಾನೆ. ಆಮೇಲೆ ಅವನು ಏನೂ ಮಾಡುವುದಿಲ್ಲ, ಸುಮ್ಮನೆ ಕಾಯುತ್ತಾನೆ. ಹತ್ತರಲ್ಲಿ ಇಬ್ಬರು ತಮ್ಮ ಅಂಕದ ಬಲದಿಂದಲೇ ಆಯ್ಕೆಯಾಗುತ್ತಾರೆ. ಎಂಟು ಜನಕ್ಕೆ ದುಡ್ಡು ವಾಪಸ್ ಹೋಗುತ್ತದೆ, ಇಬ್ಬರ 4 ಲಕ್ಷ ಅವನ ಜೇಬಿನಲ್ಲಿ ಉಳಿಯುತ್ತದೆ. ಕೆಲಸ ಸಿಕ್ಕ ಇಬ್ಬರೂ ‘ಅವರಿಂದಲೇ ಆಯಿತು’ ಎನ್ನುತ್ತಾರೆ. ದುಡ್ಡು ವಾಪಸ್ ಸಿಕ್ಕ ಎಂಟು ಮಂದಿಯೂ ‘ಪ್ರಾಮಾಣಿಕ ಮನುಷ್ಯ’ ಎನ್ನುತ್ತಾರೆ. ಮುಂದಿನ ಸಲ ನೂರು ಮಂದಿ ಬರುತ್ತಾರೆ. ಆಗ ಅವನು ಎಲ್ಲರ ದುಡ್ಡಿನೊಂದಿಗೆ ಊರು ಬಿಟ್ಟರೂ ಆಶ್ಚರ್ಯವಿಲ್ಲ.

ಪವರ್‌ಮ್ಯಾನ್ ಹುದ್ದೆಯಲ್ಲಂತೂ ಆಯ್ಕೆಗೆ ಬೇಕಾದ ಅಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎಂದೋ ಅಚ್ಚಾಗಿದೆ. ದಲ್ಲಾಳಿಗೆ ಬದಲಿಸಲು ಅಲ್ಲಿ ಏನಿದೆ?

ಅಕ್ರಮವೇ ನಡೆಯುವುದಿಲ್ಲ ಎಂದು ನಾವು ಹೇಳುತ್ತಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಅಕ್ರಮ ನಡೆದಿತ್ತು. ಆಮೇಲೆ ಆದದ್ದೇನು? 2022ರ ಏಪ್ರಿಲ್‌ನಲ್ಲಿ ಇಡೀ ಪರೀಕ್ಷೆಯ ಫಲಿತಾಂಶ ರದ್ದಾಯಿತು, ಸಿಐಡಿ ಅಭ್ಯರ್ಥಿಗಳನ್ನೂ ಬಂಧಿಸಿತು, 2024ರ ಜನವರಿಯಲ್ಲಿ ಮರುಪರೀಕ್ಷೆ ನಡೆಯಿತು. ಅಡ್ಡದಾರಿ ಹಿಡಿದವರ ಜೊತೆಗೆ, ಓದಿ ಬರೆದ ಸಾವಿರಾರು ಮಂದಿಯ ಎರಡು ವರ್ಷವೂ ಹೋಯಿತು.

ಶೇರ್ ಒತ್ತುವ ಮೊದಲು

* ಅಧಿಸೂಚನೆ ಸಂಖ್ಯೆ, ದಿನಾಂಕ ಇದೆಯೇ? ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.
* ಲಿಂಕ್ ಎಲ್ಲಿ ಮುಗಿಯುತ್ತದೆ ನೋಡಿ. ಸರ್ಕಾರಿ ಜಾಲತಾಣಗಳ ಹೆಸರು ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದು ಮುಗಿಯುತ್ತದೆ. ಹೆಸರಿನ ನಡುವೆ ‘ಗವ್’ ಎಂದು ತುರುಕಿ ಕೊನೆಯಲ್ಲಿ ‘ಡಾಟ್ ಕಾಮ್’ ಎಂದಿದ್ದರೆ ಅದು ಸರ್ಕಾರದ್ದಲ್ಲ.
* ಶುಲ್ಕ ಯಾರಿಗೆ ಹೋಗುತ್ತದೆ? 2024ರ ಕೆಪಿಟಿಸಿಎಲ್ ಅರ್ಜಿಗೆ ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ 614, ಪರಿಶಿಷ್ಟ ಜಾತಿ, ಪಂಗಡದವರಿಗೆ 378 ರೂಪಾಯಿ ಶುಲ್ಕವಿತ್ತು. ಅದನ್ನು ಅಂಚೆ ಕಚೇರಿಯಲ್ಲಿ ಕಟ್ಟಬೇಕಿತ್ತು. ಯಾರದೋ ಫೋನ್‌ಪೇ ನಂಬರಿಗೆ ‘ರಿಜಿಸ್ಟ್ರೇಷನ್’, ‘ಯೂನಿಫಾರ್ಮ್’, ‘ಮೆಡಿಕಲ್’ ಎಂದು ದುಡ್ಡು ಕೇಳಿದರೆ ಅದು ಮೋಸ.
* ಈಗಾಗಲೇ ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

‘ಪಾಪ, ಯಾರಿಗಾದರೂ ಅನುಕೂಲವಾಗಲಿ’ ಎಂಬ ಒಳ್ಳೆಯ ಮನಸ್ಸಿನಿಂದಲೇ ನಾವೆಲ್ಲ ಫಾರ್ವರ್ಡ್ ಮಾಡುತ್ತೇವೆ. ನಿಜವಾಗಿಯೂ ಅನುಕೂಲ ಮಾಡಬೇಕೆಂದರೆ ಅಧಿಸೂಚನೆಯ ಪಿಡಿಎಫ್ ಕಳಿಸಿ. ಅದರ ಜೊತೆಗೆ ಒಂದು ಸಾಲು ಬರೆಯಿರಿ: “ಕಂಬ ಹತ್ತುವುದನ್ನು ಈಗಿನಿಂದಲೇ ಅಭ್ಯಾಸ ಮಾಡು, ಯಾರಿಗೂ ದುಡ್ಡು ಕೊಡಬೇಡ.”