ಅಣುವಿನ ಆಕಾರ ಮತ್ತು ಧ್ರುವೀಯತೆ

ಅಣುವೊಂದರಲ್ಲಿ ವಿದ್ಯುದಾವೇಶವು ಅಸಮವಾಗಿ ಹಂಚಿಕೆಯಾಗಿ, ಒಂದು ಬದಿಯು ಭಾಗಶಃ ಧನಾವೇಶವನ್ನೂ ಇನ್ನೊಂದು ಬದಿಯು ಭಾಗಶಃ ಋಣಾವೇಶವನ್ನೂ ಪಡೆದಿರುವ ಗುಣಕ್ಕೆ ಧ್ರುವೀಯತೆ ಎಂದು ಹೆಸರು. ಇದು ಬಂಧಗಳ ಸ್ವಭಾವವನ್ನಲ್ಲದೆ ಅಣುವಿನ ಆಕಾರವನ್ನೂ ಅವಲಂಬಿಸಿದೆ. ಪ್ರತಿಯೊಂದು ಬಂಧವೂ ಧ್ರುವೀಯವಾಗಿದ್ದರೂ ಒಟ್ಟಾರೆ ಅಣುವು ಅಧ್ರುವೀಯವಾಗಿರಬಹುದು.

ದ್ವಿಧ್ರುವ ಮಹತ್ವ

ಬಂಧದಲ್ಲಿರುವ ಎರಡು ಪರಮಾಣುಗಳ ವಿದ್ಯುದೃಣತ್ವವು ಬೇರೆಬೇರೆಯಾಗಿದ್ದರೆ, ಹಂಚಿಕೊಂಡ ಎಲೆಕ್ಟ್ರಾನುಗಳು ಹೆಚ್ಚು ವಿದ್ಯುದೃಣತ್ವವುಳ್ಳ ಪರಮಾಣುವಿನ ಕಡೆಗೆ ಸರಿಯುತ್ತವೆ. ಹೀಗೆ ಉಂಟಾಗುವ ದ್ವಿಧ್ರುವ ಮಹತ್ವಕ್ಕೆ ಪರಿಮಾಣದಂತೆ ದಿಕ್ಕೂ ಇದೆ, ಅದು ಸದಿಶ. ಎಲ್ಲ ಬಂಧಗಳ ಹಾಗೂ ಒಂಟಿ ಎಲೆಕ್ಟ್ರಾನ್ ಜೋಡಿಗಳ ಸದಿಶ ಮೊತ್ತವೇ ಅಣುವಿನ ದ್ವಿಧ್ರುವ ಮಹತ್ವ. ಇದರ ಮಾನವಾದ ಡಿಬೈಗೆ, 1936ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಪೀಟರ್ ಡಿಬೈ ಅವರ ಹೆಸರಿಡಲಾಗಿದೆ.

ಆಕಾರದ ಪ್ರಭಾವ

ಕಾರ್ಬನ್ ಡೈಆಕ್ಸೈಡ್ ಅಣುವು ಸರಳರೇಖೆಯಲ್ಲಿದೆ. ಅದರ ಎರಡು ಬಂಧಗಳ ಸೆಳೆತ ಸಮಾನವಾಗಿದ್ದು ವಿರುದ್ಧ ದಿಕ್ಕಿನಲ್ಲಿರುವುದರಿಂದ ಮೊತ್ತವು ಶೂನ್ಯ. ನೀರಿನ ಅಣುವಿನಲ್ಲಿಯೂ ಎರಡೇ ಬಂಧಗಳಿವೆ. ಆದರೆ ಆಕ್ಸಿಜನ್ನಿನ ಎರಡು ಒಂಟಿ ಜೋಡಿಗಳ ವಿಕರ್ಷಣೆಯಿಂದ ಅಣುವು ಬಾಗಿ, ಬಂಧಕೋನವು ಸುಮಾರು 104.5 ಡಿಗ್ರಿ ಆಗಿದೆ. ಆದ್ದರಿಂದ ಸೆಳೆತಗಳು ರದ್ದಾಗದೆ 1.85 ಡಿಬೈ ಉಳಿಯುತ್ತದೆ.

ಬೋರಾನ್–ಫ್ಲೋರಿನ್ ಬಂಧವು ಆಕ್ಸಿಜನ್–ಹೈಡ್ರೋಜನ್ ಬಂಧಕ್ಕಿಂತಲೂ ಹೆಚ್ಚು ಧ್ರುವೀಯ. ಆದರೂ ಬೋರಾನ್ ಟ್ರೈಫ್ಲೋರೈಡ್‌ನ ಮೂರು ಬಂಧಗಳು ಒಂದೇ ಸಮತಲದಲ್ಲಿ 120 ಡಿಗ್ರಿ ಅಂತರದಲ್ಲಿರುವುದರಿಂದ ಅಣುವು ಅಧ್ರುವೀಯ. ಚತುರ್ಮುಖಿ ಆಕಾರದ ಕಾರ್ಬನ್ ಟೆಟ್ರಾಕ್ಲೋರೈಡ್ ಸಹ ಹೀಗೆಯೇ. ಅದರ ಒಂದು ಕ್ಲೋರಿನ್ನಿನ ಸ್ಥಾನದಲ್ಲಿ ಹೈಡ್ರೋಜನ್ ಬಂದರೆ ಸಮ್ಮಿತಿ ಮುರಿದು, ಧ್ರುವೀಯವಾದ ಕ್ಲೋರೋಫಾರ್ಮ್ ಆಗುತ್ತದೆ.

ಅಮೋನಿಯಾ ಮತ್ತು ನೈಟ್ರೋಜನ್ ಟ್ರೈಫ್ಲೋರೈಡ್ ಎರಡೂ ಪಿರಮಿಡ್ ಆಕಾರದವು. ಅಮೋನಿಯಾದಲ್ಲಿ ಬಂಧಗಳ ಸೆಳೆತವೂ ಒಂಟಿ ಜೋಡಿಯ ಪ್ರಭಾವವೂ ಒಂದೇ ಕಡೆಗಿದ್ದು ಮೊತ್ತವು 1.47 ಡಿಬೈ. ಎರಡನೆಯದರಲ್ಲಿ ಫ್ಲೋರಿನ್‌ಗಳು ಎಲೆಕ್ಟ್ರಾನುಗಳನ್ನು ಒಂಟಿ ಜೋಡಿಗೆ ವಿರುದ್ಧ ದಿಕ್ಕಿಗೆ ಸೆಳೆಯುವುದರಿಂದ ಮೊತ್ತವು ಸುಮಾರು 0.23 ಡಿಬೈಗೆ ಇಳಿಯುತ್ತದೆ.

ಭೌತಿಕ ಗುಣಗಳ ಮೇಲೆ ಪರಿಣಾಮ

1,2-ಡೈಕ್ಲೋರೋಈಥೀನ್‌ನ ಸಿಸ್ ಮತ್ತು ಟ್ರಾನ್ಸ್ ರೂಪಗಳಲ್ಲಿ ಇರುವ ಪರಮಾಣುಗಳೂ ಬಂಧಗಳೂ ಅವೇ. ಸಿಸ್ ರೂಪದಲ್ಲಿ ಎರಡೂ ಕ್ಲೋರಿನ್‌ಗಳು ದ್ವಿಬಂಧದ ಒಂದೇ ಬದಿಯಲ್ಲಿವೆ; ಅದು ಧ್ರುವೀಯವಾಗಿದ್ದು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಅವು ಎದುರುಬದುರಾಗಿರುವ ಟ್ರಾನ್ಸ್ ರೂಪವು ಅಧ್ರುವೀಯ. ಅದರ ಕುದಿಬಿಂದು ಸುಮಾರು 48 ಡಿಗ್ರಿ.

ಅಡುಗೆ ಉಪ್ಪು ನೀರಿನಲ್ಲಿ ಕರಗಿ, ಕಾರ್ಬನ್ ಟೆಟ್ರಾಕ್ಲೋರೈಡ್‌ನಲ್ಲಿ ಕರಗದಿರುವುದಕ್ಕೂ ಧ್ರುವೀಯತೆಯೇ ಮುಖ್ಯ ಕಾರಣ. ನೀರಿನ ಅಣುವು ಸರಳರೇಖೆಯಲ್ಲಿದ್ದಿದ್ದರೆ ಅದರ ದ್ವಿಧ್ರುವ ಮಹತ್ವವು ಶೂನ್ಯವಾಗಿ, ಉಪ್ಪಿನ ಅಯಾನುಗಳನ್ನು ಸುತ್ತುವರಿದು ಬೇರ್ಪಡಿಸುವ ಈಗಿನ ಸಾಮರ್ಥ್ಯ ಅದಕ್ಕೆ ಇರುತ್ತಿರಲಿಲ್ಲ.